ಸುಣ್ಣದ ತಿಳಿ ಮತ್ತು ಮೂರನೇ ರೊಟ್ಟಿ

ಹುಡುಗ ಬಿದ್ದದ್ದು ಸೇಡಂ ಸ್ಟೇಶನ್ ರಸ್ತೆಯಲ್ಲಿ. ಬೋರ್ಡಿಂಗಿನ ಹುಡುಗರು ಸಂಜೆಯ ಓಟಕ್ಕೆ ಹೊರಟಿದ್ದರು. ಶಾಲೆಯಿಂದ ಸ್ಟೇಶನ್ನಿಗೆ, ಅಲ್ಲಿಂದ ತಿರುಗಿ ಶಾಲೆಗೆ. ನಾನು ಎದುರಿನಿಂದ ಬರುತ್ತಿದ್ದೆ. ಸಾಲಿನ ನಡುವಿನಿಂದ ಒಬ್ಬ ಪಕ್ಕಕ್ಕೆ ಜೋಲಿ ಹೊಡೆದು ಮಣ್ಣಿಗೆ ಕುಸಿದ. ಡ್ರಿಲ್ ಮಾಸ್ತರರು ಸೀಟಿ ಊದಿ ಓಟ ನಿಲ್ಲಿಸಿ, ಅವನ ತಲೆಯ ಹತ್ತಿರ ಬಂದು ನಿಂತು, "ಏಳೋ ಕಾಮಚೋರ, ಮೈಗಳ್ಳ" ಎಂದರು. ನಾನು ಅವರನ್ನು ತಳ್ಳಿಕೊಂಡೇ ಹೋಗಿ ಹುಡುಗನನ್ನು ಎತ್ತಿದೆ. ಚಡ್ಡಿ ಜಾರಬಾರದೆಂದು ಲಾಡಿಯನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ ಕಟ್ಟಿಕೊಂಡಿದ್ದ.

"ಹೊಟ್ಟಿಗಿಲ್ಲದ ಹುಡುಗರನ್ನ ಓಡಸ್ಲಿಕತ್ತೀರಿ, ಮನಷ್ಯಾರೇನ್ರಿ ನೀವು?" ಎಂದೆ.

"ಓಡಸ್ರಿ ಅಂತ ಬರದವರು ಯಾರು?" ಎಂದು ಅವರು ಮತ್ತೆ ಸೀಟಿ ಊದಿದರು.

ಬರೆದವನು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಜಾಮರ ಸರಕಾರದ ಆ ಕಾಲದಲ್ಲಿ ನಾನು ಸೇಡಂ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಪಾಠ ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ. ಹಿಂದಿನ ವರ್ಷ ಶಾಲೆಗಳ ತನಿಖೆಗೆ ಬರುವ ಮೊಹತಮಿಮ್ ಸಾಹೇಬರು, ಹುಡುಗರಿಗೆ ಯಾವ ವ್ಯಾಯಾಮ ಒಳ್ಳೆಯದೆಂದು ಎಲ್ಲರ ಅಭಿಪ್ರಾಯ ಕೇಳಿದ್ದರು. ನಾನು ಎರಡು ಪುಟ ಠೀವಿಯಿಂದ ಬರೆದೆ. ತಾಲೀಮಿನ ದಂಡ, ಬೈಠಕ್ ಹಳೆಯ ಕಾಲದ ಒರಟು ಕೆಲಸ; ಮಾಂಸ ದಪ್ಪವಾಗುತ್ತದೆಯೇ ಹೊರತು ಪುಪ್ಪುಸಕ್ಕೆ ಲಾಭವಿಲ್ಲ; ಓಟವೇ ಶಾಸ್ತ್ರೀಯ. ಒಂದು ದಿನವಾದರೂ ದಂಡ ಹೊಡೆದವನಲ್ಲ ನಾನು. ಆದರೂ ಬರೆದೆ, ಮತ್ತು ಅದು ಆರ್ಡರಾಗಿ ತಿರುಗಿ ಬಂತು. ಶಾಲೆಯ ಹಿಂದೆ ಡ್ರಿಲ್ ಮಾಸ್ತರರು ತಮ್ಮ ಕೈಯಾರೆ ಕೆಮ್ಮಣ್ಣು ಹಾಕಿ ಹದ ಮಾಡಿದ್ದ ತಾಲೀಮಿನ ಕೋಣೆಗೆ ಕೀಲಿ ಬಿತ್ತು. ಅವರು ಫೌಜಿನಿಂದ ಬಂದ ಮುಸಲ್ಮಾನರು. ಹುಡುಗರು ಉಸ್ತಾದ್ ಎಂದು ಕರೆಯುತ್ತಿದ್ದರು. ಕೀಲಿ ಬಿದ್ದ ದಿನದಿಂದ ನನಗೆ ಅವರ ಸಲಾಮು ನಿಂತಿತು.

ಹುಡುಗನನ್ನು ಮಲಗಿಸಿ ನಾನು ನೇರ ಹೆಡ್ ಮಾಸ್ತರರ ಕೋಣೆಗೆ ನುಗ್ಗಿದೆ. ಬೋರ್ಡಿಂಗಿನಲ್ಲಿ ರಾತ್ರಿ ತಲೆಗೆ ಎರಡು ಜೋಳದ ರೊಟ್ಟಿ. ಮೂರನೆಯದು ಬೇಕೇ ಬೇಕೆಂದೆ.

ಅವರು ಕನ್ನಡಕ ಒರೆಸಿಕೊಂಡರು. "ಹೋದ ವರ್ಷನೂ ಎರಡೇ ರೊಟ್ಟಿ. ಅವಾಗ ಹುಡುಗ್ರು ಕಲ್ಲಿನಂಗ ಇದ್ರಲ್ರಿ ಮಾಸ್ತರ? ಈ ವರ್ಷ ಹೊಟ್ಟಿ ದೊಡ್ಡದಾತೇನು?"

"ಹೋದ ವರ್ಷ ತಾಲೀಮಿತ್ತು. ಈ ವರ್ಷ ಓಟ ಅದ. ಓಟಕ್ಕ ಮೈಯಾಗ ಭಾಳ ಅನ್ನ ಸುಡ್ತದ. ಹಾಕ್ಲಾರ್ದ ಸುಟ್ರ ಬೀಳ್ತಾರ."

"ಇದು ನಿಮ್ಮ ಬಾಯಿಮಾತು. ಮೊಹತಮಿಮ್ ಸಾಹೇಬ್ರು ಮುಂದಿನ ತಿಂಗಳು ಬರ್ಲಿಕತ್ತಾರ. ಓಟಕ್ಕ ತಾಲೀಮಿಗಿಂತ ಹೆಚ್ಚು ಸುಡ್ತದ ಅಂತ ಕಣ್ಣಿಗೆ ಕಾಣೂ ಹಂಗ ತೋರಸ್ರಿ, ರೊಟ್ಟಿಗೆ ನಾನೇ ಸಿಫಾರಸು ಬರೀತೀನಿ. ತೋರಸ್ಲಿಕ್ಕಾಗ್ಲಿಲ್ಲಂದ್ರ ಚಿಂಚೋಳಿ ಕಡಿ ಒಂದು ಜಾಗಾ ಖಾಲಿ ಅದ. ಅಡವಿ ಗಾಳಿ ಚಲೋ ಇರ್ತದಂತ."

ಆ ಕಡೆಯ ಚಳಿಜ್ವರ ಯಾರಿಗೆ ಗೊತ್ತಿರಲಿಲ್ಲ? ಮೈ ಉರಿಯಿತು. ತೋರಿಸುತ್ತೇನೆಂದು ಎದ್ದು ಬಂದೆ.

ನನ್ನ ಪ್ರಯೋಗಶಾಲೆಯೆಂದರೆ ಒಂದು ಕಪಾಟು. ಅದರಲ್ಲಿ ಅಗಲ ಬಾಯಿಯ ಎಂಟು ಸೀಸೆಗಳು ಮತ್ತು ಒಡೆಯದೇ ಉಳಿದ ಮೂರು ಗಾಜಿನ ನಳಿಗೆ. ಮೈಯೊಳಗೆ ಅನ್ನ ಉರಿದರೆ ಉಸಿರಿನಲ್ಲಿ ಇಂಗಾಲಾಮ್ಲ ಅನಿಲ ಹೊರಗೆ ಬರುತ್ತದೆ; ಆ ಅನಿಲ ಸುಣ್ಣದ ತಿಳಿನೀರನ್ನು ಹಾಲಿನಂತೆ ಬೆಳ್ಳಗೆ ಮಾಡುತ್ತದೆ. ಹೆಚ್ಚು ಉರಿದರೆ ಬೇಗ ಬೆಳ್ಳಗಾಗಬೇಕು. ಇಷ್ಟೇ ನನ್ನ ಬಂಡವಾಳ. ಸುಣ್ಣಕ್ಕೆ ನಮ್ಮ ಸೀಮೆಯಲ್ಲಿ ಏನು ಕೊರತೆ? ಶಹಾಬಾದಿನ ಭಟ್ಟಿಯಿಂದ ಆಗಷ್ಟೇ ಸುಟ್ಟ ಸುಣ್ಣದ ಹಳಕುಗಳನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು, ವಾಡಿಯಲ್ಲಿ ಗಾಡಿ ಬದಲಿಸಿ ತಂದೆ. ಮಡಕೆಯಲ್ಲಿ ನೀರು ಹಾಕಿ ಅರಳಿಸಿ, ಮೂರು ದಿನ ಮುಚ್ಚಿಟ್ಟು, ಕದಡದಂತೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ ಸೀಸೆಗಳಿಗೆ ತುಂಬಿ ಬಿರಡೆ ಬಿಗಿದೆ. ಬಿಳಿ ಕಾಗದದ ಮೇಲೆ ಮಸಿಯಿಂದ ಗುಣಾಕಾರದ ಗುರುತು ಬರೆದು ಅದರ ಮೇಲೆ ಸೀಸೆ ಇಡುವುದು. ಹುಡುಗ ನಳಿಗೆಯಿಂದ ನೀರಿನೊಳಗೆ ಉಸಿರು ಬಿಡುವುದು. ಮೇಲಿನಿಂದ ನೋಡಿದಾಗ ಗುರುತು ಮರೆಯಾಗಲು ಎಷ್ಟು ಹೊತ್ತು ಹಿಡಿಯಿತೆಂದು ನಾನು ಗಡಿಯಾರ ನೋಡಿ ಬರೆದುಕೊಳ್ಳುವುದು.

ಮೊದಲ ದಿನವೇ ಹೊಡೆತ. ಬೋರ್ಡಿಂಗಿನಲ್ಲಿ ಹೆಚ್ಚಿನವರು ವೈಷ್ಣವರ ಮಕ್ಕಳು, ಮೂವರು ಮುಸಲ್ಮಾನ ಹುಡುಗರು. ಒಬ್ಬ ಬಾಯಿಗಿಟ್ಟ ನಳಿಗೆಯನ್ನು ತೊಳೆದು ಇನ್ನೊಬ್ಬನಿಗೆ ಕೊಟ್ಟೆನೋ ಇಲ್ಲವೋ, ಅಡುಗೆಯ ಆಚಾರ್ಯರು ಅಂಗಳಕ್ಕೇ ಬಂದು ನಿಂತರು.

"ಎಲ್ಲಾರ ಎಂಜಲಾ ಎಲ್ಲಾರಿಗೂ ಕುಡಸ್ಲಿಕತ್ತೀರಲ್ರಿ! ನೀವೂ ಮಡಿವಂತರ ಮನಿಯವರೇ ಅಲ್ಲೇನು? ಇವರ ಅಪ್ಪಗಳಿಗೆ ನಾ ಏನು ಹೇಳ್ಲಿ?"

ಬೈದಾಡಿದೆ. ಬೈದರೂ ನಳಿಗೆ ಮೂರೇ. ಕೊನೆಗೆ ಬೇಲಿಯ ಔಡಲ ಗಿಡ ನೆನಪಾಯಿತು. ಔಡಲ ಎಲೆಯ ದಂಟು ಒಳಗೆ ಟೊಳ್ಳು; ಚಿಕ್ಕಂದಿನಲ್ಲಿ ಅದರಿಂದ ನೀರಿನಲ್ಲಿ ಗುಳ್ಳೆ ಊದದವರು ಯಾರಿದ್ದಾರೆ? ಒಬ್ಬೊಬ್ಬನಿಗೆ ಒಂದೊಂದು ದಂಟು, ಒಂದೇ ಅಳತೆಗೆ ಕೊಯ್ದದ್ದು, ಊದಿದ ಮೇಲೆ ಬಿಸಾಕುವುದು. ಆಚಾರ್ಯರು ಗೊಣಗುತ್ತಾ ಒಲೆಯ ಹತ್ತಿರ ಹೋದರು.

ಎರಡನೆಯ ಹೊಡೆತ ಹೆಡ್ ಮಾಸ್ತರರ ಎದುರಿಗೇ ಬಿತ್ತು. ಅವರು ನೋಡಲು ಬಂದಾಗ ಒಬ್ಬ ಹುಡುಗ ಹುರುಪಿನಿಂದ ಊದಿದ್ದೇ ಊದಿದ್ದು. ಬೆಳ್ಳಗಾದ ನೀರು ಅವರ ಕಣ್ಣೆದುರಿಗೇ ಮತ್ತೆ ತಿಳಿಯಾಗತೊಡಗಿತು. ಅತಿಯಾಗಿ ಊದಿದರೆ ಹಾಗಾಗುವುದು ಸಹಜ. ಪುಸ್ತಕದಲ್ಲಿ ಓದಿದ್ದೆ, ಆ ಗಳಿಗೆಗೆ ಬಾಯಿಗೆ ಬರಲಿಲ್ಲ.

"ವಾಹ್ ಮಾಸ್ತರ! ಸುಟ್ಟ ಅನ್ನ ತಿರುಗಿ ಬಂತು ನೋಡ್ರಿ," ಎಂದು ನಕ್ಕು ಹೊರಟರು. ಬಾಗಿಲಲ್ಲಿ ನಿಂತಿದ್ದ ಡ್ರಿಲ್ ಮಾಸ್ತರರು ಮೀಸೆಯೊಳಗೇ ನಕ್ಕರು. ಆ ನಗೆ ನನಗೆ ಹೆಡ್ ಮಾಸ್ತರರದಕ್ಕಿಂತ ಹೆಚ್ಚು ಚುಚ್ಚಿತು.

ಅಲ್ಲಿಂದ ಗುರುತು ಮರೆಯಾದ ಕೂಡಲೇ ದಂಟು ಕಸಿದುಕೊಳ್ಳುವುದೆಂದು ಕಟ್ಟು ಮಾಡಿದೆ. ಒಂದು ಸಂಜೆ ಸುಮ್ಮನೆ ಕುಳಿತ ಮೈಯ ಉಸಿರು ತೆಗೆದುಕೊಂಡೆ. ಇನ್ನೊಂದು ಸಂಜೆ ಸಾಲಾಗಿ ನಿಂತು ಕೈಕಾಲು ಎತ್ತುವ ಕವಾಯತಿನದು. ಕುಳಿತದ್ದಕ್ಕೂ ಅದಕ್ಕೂ ಅಂಥ ಅಂತರ ಕಾಣಲಿಲ್ಲ. ಮೂರನೆಯ ಸಂಜೆ ದಂಡ. ತಾಲೀಮಿನ ಕೀಲಿ ಕೇಳಲು ಆ ಮನುಷ್ಯನ ಹತ್ತಿರ ಯಾರು ಹೋಗುತ್ತಾರೆ ಎಂದು ಶಾಲೆಯ ಅಂಗಳದಲ್ಲೇ ನಾನೇ ಎಣಿಸುತ್ತಾ ಹೊಡೆಸಿದೆ. ನಾಲ್ಕನೆಯ ಸಂಜೆ ಓಟ.

ಅಬ್ಬಾ, ಎಂಥ ಫಲ ಬಂತು! ಓಡಿಬಂದವರು ಊದಿದರೆ ಗುರುತು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮಾಯ. ದಂಡ ಹೊಡೆದವರು ಊದಿದಾಗ ನೀರಿಗೆ ಅವಸರವೇ ಇರಲಿಲ್ಲ. ಮೂವರು ಮುಸಲ್ಮಾನ ಹುಡುಗರದು ಮಾತ್ರ ದಂಡದ ದಿನವೂ ಬೇಗನೇ ಬೆಳ್ಳಗಾಗಿತ್ತು. ಮಾಂಸ ತಿನ್ನುವವರ ಮೈ ಸ್ವಭಾವತಃ ಬಿಸಿ ಎಂದುಕೊಂಡು ಅವರ ಮೂರು ಸಾಲನ್ನು ಕಾಟು ಹಾಕಿ ತೆಗೆದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಒಳ್ಳೆಯ ಕಾಗದದಲ್ಲಿ ದುಂಡಗಿನ ಅಕ್ಷರದಲ್ಲಿ ವರದಿ ಬರೆದು, ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಮೂರನೇ ರೊಟ್ಟಿ ಗೆದ್ದಾಯಿತು ಎಂದುಕೊಂಡೆ.

ಸಾಹೇಬರು ಬರಲು ಐದು ದಿನವಿತ್ತು. ವರದಿಯ ಕೊನೆಗೆ ಹುಡುಗರು ಆ ದಿನಗಳಲ್ಲಿ ತಿಂದದ್ದನ್ನೂ ಬರೆದರೆ ತೂಕ ಬರುತ್ತದೆಂದು ಅಡುಗೆಮನೆಗೆ ಹೋಗಿ ಕೇಳಿದೆ.

"ಕವಾಯತಿನ ದಿನ ರೊಟ್ಟಿ, ಪುಂಡಿಪಲ್ಯ," ಎಂದು ಆಚಾರ್ಯರು ಬೆರಳು ಮಡಚಿದರು. "ನೀವು ದಂಡ ಹೊಡಸಿದ ದಿನ ಏನೂ ಇಲ್ರಿ."

"ಏನೂ ಇಲ್ಲಂದ್ರ?"

"ಏಕಾದಶಿ ಇತ್ತಲ್ರಿ. ನಾ ಒಲಿ ಹಚ್ಚೇ ಇಲ್ಲ. ಆ ಮೂರು ಹುಡುಗ್ರು ಅವರ ಮಂದಿ ಮನ್ಯಾಗ ಉಂಡು ಬಂದ್ರು. ನಮ್ಮವರು ನೀರು ಕುಡದು ಇದ್ರು. ಯಾಕ, ನೀವೂ ಉಪಾಸ ಇದ್ರಲ್ಲ?"

ಇದ್ದೆ! ಮುಂಜಾನೆಯಿಂದ ಹನಿ ನೀರು ಮುಟ್ಟದೆ, ಬಾಯಿ ಒಣಗಿ, ಎಣಿಕೆ ಎರಡು ಸಲ ತಪ್ಪಿ, ಅದೇ ಹುಡುಗರ ಎದುರಿಗೆ ಗಡಿಯಾರ ಹಿಡಿದು ನಿಂತಿದ್ದೆ. ಹುಟ್ಟಿದಾಗಿನಿಂದ ಮಾಡಿದ ಉಪವಾಸ. ಅದು ಉಸಿರಾಟದಂತೆ ರೂಢಿಯಾಗಿ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಅನ್ನವಿಲ್ಲದ ಮೈ ತನ್ನ ಕೊಬ್ಬನ್ನೇ ಉರಿಸಿಕೊಳ್ಳುತ್ತದೆ, ಆಗ ಆ ಅನಿಲವೂ ಕಡಿಮೆ ಬರುತ್ತದೆ. ಜೊತೆಗೆ ಹಸಿದ ಹುಡುಗರು ದಂಡವನ್ನಾದರೂ ಏನು ನೆಟ್ಟಗೆ ಹೊಡೆದಾರು? ಸರಿಯಾದ ಮೂರು ಸಾಲು ನಾನು ಕಾಟು ಹಾಕಿದವೇ ಆಗಿದ್ದವು.

ಆಚಾರ್ಯರಿಗೆ ನನ್ನ ಮುಖ ನೋಡಿ ಅರ್ಥವಾಯಿತು. "ಬಿಡ್ರಿ, ಬರದದ್ದು ಬರದಾತು. ಹುಡುಗರಿಗೆ ರೊಟ್ಟಿ ಬಂದ್ರ ಸಾಕು. ನಾ ಬಾಯಿ ಬಿಡಂಗಿಲ್ಲ."

ಬಾಯಿ ಬಿಡದಿದ್ದರೆ ಗೆಲುವು ನನ್ನದೇ. ಎರಡು ದಿನ ಹಾಗೇ ಇದ್ದೆ, ಸುಳ್ಳು ಹೇಳುವುದಿಲ್ಲ. ಮೂರನೆಯ ದಿನ ತಡೆಯಲಾರದೆ ಡ್ರಿಲ್ ಮಾಸ್ತರರ ಮನೆಯ ಬಾಗಿಲಿಗೆ ಹೋಗಿ ನಿಂತೆ. ಕುಂದ್ರಿ ಎನ್ನಲಿಲ್ಲ. ನಡೆದದ್ದನ್ನು ನಿಂತೇ ಹೇಳಿದೆ.

"ತಾಲೀಮಿನ ಕೀಲಿ ಬೇಕಾಗಿತ್ತು. ನೀವೇ ನಿಂತು ದಂಡ ಹೊಡಸ್ಬೇಕು," ಎಂದೆ.

"ಕೀಲಿ ಹಾಕ್ಸುವಾಗ ನನ್ನ ಕೇಳಿದ್ರೇನು?"

"ಇಲ್ಲ."

"ಮತ್ತ ತಗಸುವಾಗ ಯಾಕ ಕೇಳ್ಲಿಕತ್ತೀರಿ?" ಒಳಗೆ ಹೋದರು. ಬರುವುದಿಲ್ಲವೆಂದು ನಾನು ತಿರುಗುವಷ್ಟರಲ್ಲಿ ಕೀಲಿಕೈ ತಂದರು. "ಒಂದು ಮಾತು. ದಂಡ ಮುಗದ ಕೂಡ್ಲೆ ಒಂದ್ಸಲ ಊದಿಸಿ ಎದ್ದು ಹೋಗಬಾರ್ದು. ದಂಡ ಹೊಡದ ಮೈ ಲಗೂನ ತಣ್ಣಗಾಗಂಗಿಲ್ಲ. ದೀಪಾ ಹಚ್ಚೂ ತನಕ ಊದಸ್ರಿ. ಓಟಕ್ಕೂ ಹಂಗೇ ಮಾಡ್ರಿ. ಇನ್ಸಾಫ್ ಅಂದ್ರ ಇಬ್ಬರಿಗೂ ಒಂದೇ ತಕ್ಕಡಿ."

ಇದು ವಿಜ್ಞಾನದ ಮಾಸ್ತರನಿಗೆ ಹೊಳೆಯಬೇಕಾದ ಮಾತು. ಹೊಟ್ಟೆಯುರಿದುಕೊಂಡು ಹೂಂ ಎಂದೆ.

ಒಂದು ಸಂಜೆ ಓಟ, ಮರುಸಂಜೆ ದಂಡ. ಎರಡೂ ದಿನ ಎಲ್ಲರಿಗೂ ಒಂದೇ ಊಟ, ಒಂದೇ ಹೊತ್ತಿಗೆ. ಓಡಿಬಂದವರ ಉಸಿರು ಮೊದಲಿಗೆ ಸುಣ್ಣದ ನೀರನ್ನು ಸರ್ರನೆ ಬೆಳ್ಳಗೆ ಮಾಡಿ, ಸ್ವಲ್ಪ ಹೊತ್ತಿಗೇ ಕುಳಿತವರ ಉಸಿರಿನ ಮಟ್ಟಕ್ಕೆ ಇಳಿಯಿತು. ತಾಲೀಮಿನಲ್ಲಿ ಉಸ್ತಾದರ ಎಣಿಕೆಗೆ ಹೊಡೆದ ದಂಡವೇ ಬೇರೆ. ನೆಲ ಗುದ್ದಿದ ಹಾಗೆ ಉಸಿರಿನ ಸದ್ದು. ಅದರ ಬಿಸಿ ಓಟದಷ್ಟು ಏರಲಿಲ್ಲ, ಆದರೆ ಇಳಿಯಲೂ ಇಲ್ಲ. ಮೊದಲ ಸೀಸೆ, ಎರಡನೆಯದು, ನಾಲ್ಕನೆಯದು, ನೀರು ಇನ್ನೂ ಬೇಗನೇ ಬೆಳ್ಳಗಾಗುತ್ತಿತ್ತು. ಎಲ್ಲ ಕೂಡಿಸಿ ನೋಡಿದರೆ ಓಟಕ್ಕೂ ದಂಡಕ್ಕೂ ನಡುವೆ ಉಳಿದ ಅಂತರ ಒಂದು ರೊಟ್ಟಿ ಕೇಳುವಷ್ಟು ಇರಲೇ ಇಲ್ಲ.

ಹಾಗಾದರೆ ಹುಡುಗರು ಯಾಕೆ ಸೊರಗಿದರು? ತಾಲೀಮಿನ ಮೂಲೆಯಲ್ಲಿ ಕುಳಿತು ತಲೆ ಕೆರೆದುಕೊಳ್ಳುತ್ತಿದ್ದೆ. ಕೊನೆಯ ಹುಡುಗ ಊದಿ ಮುಗಿಸಿದ. ಆಗ, ಯಾರೂ ಹೇಳದೆ, ಹುಡುಗರೆಲ್ಲ ಎದ್ದು ಗೋಡೆಯ ಪಕ್ಕದ ದೋಣಿಯ, ಆ ಸಣ್ಣ ಕಲ್ಲುತೊಟ್ಟಿಯ, ಮುಂದೆ ಸಾಲಾಗಿ ನಿಂತರು. ಎರಡೂ ಅಂಗೈ ಕೂಡಿಸಿ ಮುಂದೆ ಒಡ್ಡಿದರು. ದೋಣಿ ಖಾಲಿ, ಜೇಡರ ಬಲೆ ಕಟ್ಟಿತ್ತು. ಒಬ್ಬನಿಗೆ ನಾನಿರುವುದು ನೆನಪಾಗಿ ಕೈ ಹಿಂದೆ ಎಳೆದುಕೊಂಡ. ಸಾಲು ಚದುರಿತು.

"ಏನದು?" ಎಂದೆ. ಸ್ಟೇಶನ್ ರಸ್ತೆಯಲ್ಲಿ ಬಿದ್ದಿದ್ದ ಹುಡುಗನನ್ನು ಕೇಳಿದೆ. ಅವನು ನೆಲ ನೋಡಿದ.

"ಅವರನ್ನೇನು ಕೇಳ್ತೀರಿ, ನನ್ನ ಕೇಳ್ರಿ," ಎಂದರು ಡ್ರಿಲ್ ಮಾಸ್ತರರು. ಅವರ ಸ್ವರ ಏರಿತ್ತು. "ಕಡ್ಲಿ! ನೆನಸಿದ ಕಡ್ಲಿ, ಮ್ಯಾಲ ಒಂದು ಬೆಲ್ಲದ ಹಳಕು. ದಂಡ ಮುಗದ ಮ್ಯಾಲ ಮುಷ್ಟಿ ತುಂಬ ಕೊಡೂದು ತಾಲೀಮಿನ ವಾಡಿಕಿ. ನನ್ನ ಮನಿಯಾಕಿ ಮುಂಜಾನೆದ್ದು ನೆನಸ್ತಿದ್ಲು. ದಿನಾ ಇಷ್ಟೂ ಮಂದಿ ತಿಂತಿದ್ರು."

"ನಮ್ಮ ಹುಡುಗರೂ?"

"ಹೂಂ, ನಿಮ್ಮ ಮಡಿ ಹುಡುಗ್ರೇ. ನನ್ನ ಮನಿ ನೀರಾಗ ನೆನದದ್ದು, ನನ್ನ ಕೈಯಿಂದ. ಅದಕ್ಕ ಬಾಗಿಲಾ ಅಗಳಿ ಹಾಕಿ ಕೊಡ್ತಿದ್ದೆ. ಮಾಸ್ತರಗ ಹೇಳಬ್ಯಾಡ್ರಿ ಅಂತ ಆಣಿ ಹಾಕ್ಸಿದ್ದೆ. ನೀವು ತಾಲೀಮಿಗೆ ಕೀಲಿ ಹಾಕ್ಸಿದ್ರಿ. ಇನ್ನ ರಸ್ತಾದ ಮ್ಯಾಲ ನಾಕು ಮಂದಿ ನೋಡೂ ಹಂಗ ಕೊಡ್ಲೇನು? ಮರುದಿನಾನೇ ಇವರ ಅಪ್ಪಗಳು ಬಂದು ಹಾಸಿಗಿ ಸುತ್ತಿಸಿ ಕರಕೊಂಡು ಹೋಗ್ತಿದ್ರು."

"ಗೊತ್ತಿದ್ದೂ ಈ ಹುಡುಗಗ ಕಾಮಚೋರ ಅಂದ್ರಲ್ರಿ?"

"ಬೈದ್ರ ಸಿಟ್ಟಿಗಾದ್ರೂ ಏಳ್ತಾನ ಅಂತ ಬೈದೆ. ಅಳ್ಕೋತ ಕುಂದ್ರಲೇನು ಅವನ ಬಾಜೂಕ?"

ಮೂರು ವಾರ ಹುಡುಗರ ಬಾಯಿಂದ ಬರುವುದನ್ನು ಅಳೆದಿದ್ದೆ. ಬಾಯೊಳಗೆ ಹೋಗುವುದನ್ನು ಒಬ್ಬರನ್ನೂ ಕೇಳಿರಲಿಲ್ಲ. ನನ್ನ ಎರಡು ಪುಟದ ಅಭಿಪ್ರಾಯ ಈ ಹುಡುಗರ ಕೈಯಿಂದ ಒಂದು ಮುಷ್ಟಿ ಕಡಲೆ ಕಸಿದಿತ್ತು. ಹೇಳಬೇಕೆಂದರೆ ಅದನ್ನು ಕಾಗದದಲ್ಲಿ ಬರೆಯುವಂತೆಯೂ ಇರಲಿಲ್ಲ. ಬರೆದರೆ ಬೋರ್ಡಿಂಗು ಖಾಲಿ, ಹುಡುಗರ ಓದು ಅಲ್ಲಿಗೇ ಮುಗಿಯುತ್ತಿತ್ತು.

ಮರುದಿನ ಮುಂಜಾನೆ ಮೊದಲ ವರದಿಯನ್ನು ಒಯ್ದು ಆಚಾರ್ಯರ ಒಲೆಗೆ ಹಾಕಿದೆ. ಅವರು ಅಯ್ಯೋ ಎಂದು ಕೈ ಚಾಚುವಷ್ಟರಲ್ಲಿ ಅದು ಹೊತ್ತಿತ್ತು. ಸುಳ್ಳು ಕಾಗದ ಒಂದು ಬರೆದದ್ದೇ ನನ್ನ ಪಾಲಿಗೆ ಸಾಕಾಗಿತ್ತು.

ಮೊಹತಮಿಮ್ ಸಾಹೇಬರು ಬಂದರು. ನನ್ನ ಹೊಸ ವರದಿಯನ್ನು ನಿಧಾನವಾಗಿ ಓದಿದರು. ಹೆಡ್ ಮಾಸ್ತರರು ಪಕ್ಕದಲ್ಲಿ, ಡ್ರಿಲ್ ಮಾಸ್ತರರು ಬಾಗಿಲ ಹತ್ತಿರ ಅಟೆನ್ಶನ್ನಿನಲ್ಲಿ.

"ಓಟಕ್ಕೂ ದಂಡಕ್ಕೂ ಹೆಚ್ಚುಕಮ್ಮಿ ಒಂದೇ ಅಂತ ಇದರಾಗ ಅದ. ಹೋದ ವರ್ಷ ನೀವೇ ಬ್ಯಾರೆ ಬರದಿದ್ರಲ್ಲ?" ಎಂದರು ಸಾಹೇಬರು.

"ತಪ್ಪು ಬರದಿದ್ದೆ, ಸಾಹೇಬ. ತಿಳೀಲಾರ್ದ ಬರದಿದ್ದೆ."

"ಹಂಗಾದ್ರ ಮೂರನೇ ರೊಟ್ಟಿ ಮಾತು ಮುಗೀತು," ಎಂದು ಹೆಡ್ ಮಾಸ್ತರರು ಬಾಯಿ ಹಾಕಿದರು. ಅವರ ಮುಖ ಅರಳಿತ್ತು.

"ಮುಗೀತು," ಎಂದೆ. "ರೊಟ್ಟಿ ಕೇಳಂಗಿಲ್ಲ. ತಾಲೀಮು ತಗಸ್ರಿ. ಮೊದಲು ಹೆಂಗಿತ್ತೋ ಹಂಗ, ಅಲ್ಲಿನ ಎಲ್ಲಾ ವಾಡಿಕಿ ಸಮೇತ."

"ಎಂಥಾ ವಾಡಿಕಿ?"

ಬಾಗಿಲ ಹತ್ತಿರ ಬೂಟು ಅಲುಗಿದ ಸದ್ದಾಯಿತು. ನಾನು ಆ ಕಡೆ ನೋಡಲಿಲ್ಲ. "ಬಾಗಿಲಾ ಹಾಕ್ಕೊಂಡು ಮಾಡೂದು, ಸಾಹೇಬ. ಹೊರಗಿನವರು ಅಡ್ಡ ಬರಬಾರ್ದು. ನಾನೂ ಸೇರಿ."

ಸಾಹೇಬರು ಲೇಖನಿ ತೆಗೆದು ಬರೆದರು. ತಾಲೀಮಿಗೆ ಅನುಮತಿ, ಓಟ ವಾರಕ್ಕೆ ಒಂದು ಸಲ ಸಾಕು. ಅದೇ ಕಾಗದದ ಕೆಳಗೆ ಇನ್ನೊಂದು ಸಾಲು: ವರ್ಷಕ್ಕೊಂದು ಅಭಿಪ್ರಾಯ ಹೇಳುವ ವಿಜ್ಞಾನದ ಮುದರಿಸನನ್ನು ಚಿಂಚೋಳಿ ಕಡೆಗೆ ವರ್ಗ ಮಾಡತಕ್ಕದ್ದು.

ಹೊರಡುವ ಹಿಂದಿನ ಸಂಜೆ ತಾಲೀಮಿನ ಬಾಗಿಲು ತಟ್ಟಿದೆ. ಒಳಗಿನ ಸದ್ದು ಫಕ್ಕನೆ ನಿಂತಿತು. ಉಸ್ತಾದರು ಯಾರೆಂದು ಕೇಳಿ, ಅಗಳಿ ತೆಗೆದು, ನನ್ನನ್ನು ಒಳಗೆ ಬಿಟ್ಟು ಮತ್ತೆ ಹಾಕಿದರು. ದೋಣಿಯ ಮುಂದೆ ಸಾಲು, ದೋಣಿಯ ತುಂಬ ನೆನೆದು ಉಬ್ಬಿದ ಕಡಲೆ. ಬೆವರು ಇಳಿಯುವ ಮೈಗಳು ಒಂದೊಂದಾಗಿ ಅಂಗೈ ಒಡ್ಡಿ ಹೋದವು. ಕೊನೆಗೆ ನಾನೂ ಹೋಗಿ ಕೈ ಒಡ್ಡಿದೆ.

ಡ್ರಿಲ್ ಮಾಸ್ತರರು ದೋಣಿಗೆ ಇಟ್ಟ ಕೈಯನ್ನು ಹಾಗೇ ನಿಲ್ಲಿಸಿದರು. "ದಂಡ ಹೊಡದವರಿಗಷ್ಟೇ."

ಕೋಟು ಬಿಚ್ಚಿ ಗೂಟಕ್ಕೆ ಹಾಕಿದೆ. ಧೋತರದ ಕಚ್ಚೆ ಬಿಗಿದು ಕೆಮ್ಮಣ್ಣಿಗೆ ಇಳಿದೆ. ಮೊದಲನೆಯದು ಹೇಗೋ ಆಯಿತು. ನಾಲ್ಕನೆಯದಕ್ಕೆ ತೋಳು ನಡುಗಿತು. ಆರನೆಯದಕ್ಕೆ ಇಳಿದವನು ಏಳಲಿಲ್ಲ, ಮೂಗಿಗೆ ಮಣ್ಣು ಮೆತ್ತಿತು. ಹುಡುಗರು ನಗು ತಡೆದುಕೊಂಡರು. ಉಸ್ತಾದರು ತಡೆದುಕೊಳ್ಳಲಿಲ್ಲ.

"ಏಳ್ರಿ ಕಾಮಚೋರ," ಎಂದರು.

ಎದ್ದೆ. ಅರ್ಧಕ್ಕೇ ನಿಂತ ದಂಡಕ್ಕೆ ಅರ್ಧ ಮುಷ್ಟಿ ಎಂದು ಅಳೆದು ಅಂಗೈಗೆ ಹಾಕಿದರು, ಬೆಲ್ಲ ಕೊಡಲಿಲ್ಲ. ಎಲ್ಲ ಹುಡುಗರೂ ನನ್ನ ಕೈಯನ್ನೇ ನೋಡುತ್ತಿದ್ದರು. ನನ್ನ ಹಣೆಯ ಮೇಲೆ ಗೋಪಿಚಂದನ ಇತ್ತು. ಬೆವರಿಗೆ ಇಳಿದು ಕಣ್ಣು ಉರಿಯುತ್ತಿತ್ತು. ಕಡಲೆಯನ್ನು ಬಾಯಿಗೆ ಹಾಕಿಕೊಂಡು ಅಗಿದೆ. ಒಂದು ಕಾಳೂ ಬಿಡದೆ ತಿಂದೆ.

ಸ್ಟೇಶನ್ ರಸ್ತೆಯಲ್ಲಿ ಬಿದ್ದಿದ್ದ ಹುಡುಗ ಸಾಲಿನಿಂದ ಸರಿದು, ಬಾಗಿಲ ಹತ್ತಿರ ಹೋಗಿ, ಅಗಳಿ ಸರಿಯಾಗಿ ಬಿದ್ದಿದೆಯೇ ಎಂದು ಇನ್ನೊಮ್ಮೆ ನೋಡಿ ಬಂದ.